ತೂಕದ ಡಿಜಿಟಲ್ ಮಷೀನು: 8 ತಿಂಗಳು ಬಳಸಿದ ಮೇಲೆ ನನ್ನ ರಿವ್ಯೂ

ನನಗೀಗ 48. ಎರಡು ವರ್ಷದ ಹಿಂದೆ 79 ಕೆಜಿ ಇದ್ದವಳು 66ಕ್ಕೆ ಇಳಿದೆ, ಊಟ ಸರಿ ಮಾಡ್ಕೊಂಡು, ಮುಂಬೈ ಹತ್ರದ ಡೊಂಬಿವಲಿ ಸ್ಟೇಷನ್ನಿಂದ ಮನೆಗೆ ರಿಕ್ಷಾ ಬಿಟ್ಟು ನಡ್ಕೊಂಡು ಬಂದು. ಇಳಿಸೋದಕ್ಕಿಂತ ಆಮೇಲೆ ಶುರುವಾದ ಹೆದರಿಕೆ ಜಾಸ್ತಿ ಕಷ್ಟ ಕೊಡ್ತು. ಯಾಕಂದ್ರೆ 39ನೇ ವಯಸ್ಸಲ್ಲಿ ಒಂದ್ಸಲ 9 ಕೆಜಿ ಇಳಿಸಿ, ಒಂದೂವರೆ ವರ್ಷದಲ್ಲಿ 11 ಕೆಜಿ ವಾಪಸ್ ಬಂದಿತ್ತು, ಅದು ತಲೇಲಿ ಕೂತುಬಿಟ್ಟಿತ್ತು.

ಮನೇಲಿದ್ದ ಹಳೇ ಮುಳ್ಳಿನ ಮಷೀನ್ ಮೇಲೆ ದಿನಕ್ಕೆ ಮೂರು ಸಲ ಹತ್ತೋಳು. ಬೆಳಿಗ್ಗೆ 66, ರಾತ್ರಿ 67 ಬಂದ್ರೆ ನಿದ್ದೆ ಇಲ್ಲ. ಫೆಬ್ರವರೀಲಿ ತಂಗಿ ಮಗನ ಮದುವೆಗೆ ಧಾರವಾಡಕ್ಕೆ ಹೋದಾಗ ಅವ್ವ ಹೋಳಿಗೆ ಬುಟ್ಟಿ ಹಿಡ್ಕೊಂಡು ಸಾಲಲ್ಲಿ ಬಡಿಸ್ತಾ ಬಂದ್ಲು, ನಾನು ಎಲೆ ಮೇಲೆ ಕೈ ಅಡ್ಡ ಇಟ್ಟೆ. ಅವ್ವ ಏನೂ ಅನ್ನಲಿಲ್ಲ, ಒಂದು ಕ್ಷಣ ನಿಂತು ನನ್ನ ಕೈ ನೋಡಿ ಮುಂದಿನೆಲೆಗೆ ಹೋದ್ಲು. ಅವತ್ತು ರಾತ್ರಿ ನನಗೇ ಅನ್ನಿಸ್ತು, ಹಿಂಗೇ ಆದ್ರೆ ಆಗಲ್ಲ ಅಂತ.

ಮಾರ್ಚಲ್ಲಿ ದಾದರಿನ ಒಂದು ಅಂಗಡೀಲಿ ಈ ಮಷೀನ್ ತಗೊಂಡೆ, 1,650 ರೂಪಾಯಿ. ಗಾಜಿನ ಹಲಗೆ, ನಾಲ್ಕು ಮೂಲೇಲಿ ಲೋಹದ ಪಟ್ಟಿ, ಬ್ಲೂಟೂತ್‌ನಿಂದ ಫೋನಿಗೆ ಲೆಕ್ಕ ಹೋಗುತ್ತೆ. 100 ಗ್ರಾಂ ವ್ಯತ್ಯಾಸಾನೂ ತೋರಿಸುತ್ತೆ. ಮೊದಲ ವಾರ ಇದ್ರಿಂದ ಹೆದರಿಕೆ ಇನ್ನೂ ಜಾಸ್ತಿ ಆಯ್ತು, ನಿಜ ಹೇಳ್ತೀನಿ. ಆದ್ರೆ ಆಪ್‌ನಲ್ಲಿ ದಿನದ ಚುಕ್ಕಿ ಬೇರೆ, ಏಳು ದಿನದ ಸರಾಸರಿ ಗೆರೆ ಬೇರೆ ಬರುತ್ತೆ. ಚುಕ್ಕಿಗಳು ಮೇಲೆ ಕೆಳಗೆ ಕುಣೀತಾ ಇರ್ತವೆ, ಗೆರೆ ಮಾತ್ರ ಅಲ್ಲೇ ಮೆತ್ತಗೆ ಹೋಗ್ತಾ ಇರುತ್ತೆ. ಆ ಗೆರೇನೇ ನನ್ನ ಉಳಿಸಿದ್ದು.

ಗಣಪತಿ ಹಬ್ಬದಲ್ಲಿ ಪಕ್ಕದ ಮನೆ ವಹಿನಿ ಉಕಡೀಚೆ ಮೋದಕ (ಅಕ್ಕಿಹಿಟ್ಟಲ್ಲಿ ಬೆಲ್ಲ ಕಾಯಿ ತುಂಬಿ ಹಬೇಲಿ ಬೇಯಿಸಿದ್ದು) ಕೊಟ್ರು, ಮೇಲೆ ತುಪ್ಪ ಹಾಕಿ. ಮೂರು ತಿಂದೆ. ಮಾರನೇ ದಿನ 1.4 ಕೆಜಿ ಜಾಸ್ತಿ! ಮೊದಲಾಗಿದ್ರೆ ಎರಡು ದಿನ ಉಪವಾಸ ಕೂರ್ತಿದ್ದೆ. ಈ ಸಲ ಕೂತು ಲೆಕ್ಕ ಹಾಕಿದೆ. ಮೈಯಲ್ಲಿ 1 ಕೆಜಿ ಕೊಬ್ಬು ಸೇರೋಕೆ ಸುಮಾರು 7,700 ಕ್ಯಾಲರಿ ಹೆಚ್ಚಿಗೆ ಬೇಕು, ಅಂದ್ರೆ 1.4 ಕೆಜಿಗೆ ಹತ್ತು ಸಾವಿರದ ಮೇಲೆ. ಒಂದು ವಡಾಪಾವ್ ಸುಮಾರು 300 ಅಂತ ಹಿಡಿದ್ರೂ ಒಂದೇ ದಿನದಲ್ಲಿ ಮಾಮೂಲಿ ಊಟದ ಮೇಲೆ ಸುಮಾರು 36 ತಿನ್ನಬೇಕು. ನಾನು ತಿಂದಿದ್ದು ಮೂರು ಮೋದಕ. ಉಳಿದಿದ್ದು ಉಪ್ಪು ಹಿಡಿದ ನೀರು, ಅಕ್ಕಿ ಬೆಲ್ಲದ ಸಕ್ಕರೆ ಮೈಯಲ್ಲಿ ಸೇರುವಾಗ ಜೊತೆಗೆ ಹಿಡ್ಕೊಳ್ಳೋ ನೀರು, ಹೊಟ್ಟೇಲಿರೋ ಊಟ. ಗುರುವಾರದ ಹೊತ್ತಿಗೆ ತೂಕ ತಾನೇ ಇಳೀತು, ಗೆರೆ ಹೆಚ್ಚು ಅಲುಗಲಿಲ್ಲ.

ಲೋಕಲ್ ಟ್ರೇನಿನ ಲೇಡೀಸ್ ಡಬ್ಬಾದಲ್ಲಿ ಎಲ್ಲರೂ ಹೇಳ್ತಿದ್ರು, ನಲವತ್ತು ದಾಟಿದ್ರೆ ಮೆಟಬಾಲಿಸಂ (ಮೈ ಶಕ್ತಿ ಖರ್ಚು ಮಾಡೋ ವೇಗ) ಬಿದ್ದೋಗುತ್ತೆ, ಏನ್ ಮಾಡಿದ್ರೂ ಬರೋದು ಬಂದೇ ಬರುತ್ತೆ ಅಂತ. ಹಂಗಲ್ಲ. 2021ರಲ್ಲಿ ಸೈನ್ಸ್ ಪತ್ರಿಕೆಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ 6,400ಕ್ಕೂ ಹೆಚ್ಚು ಜನರನ್ನ ನೋಡಿದ್ರು, ಮೈಗಾತ್ರದ ಲೆಕ್ಕ ತೆಗೆದ್ರೆ 20ರಿಂದ 60ರವರೆಗೆ ಮೈ ಖರ್ಚು ಮಾಡೋ ಶಕ್ತಿ ಹೆಚ್ಚುಕಮ್ಮಿ ಒಂದೇ ಇರುತ್ತೆ. ಆದ್ರೆ ತೂಕ ಇಳಿಸಿದ ಮೈಗೆ ಮೊದಲಿಗಿಂತ ಕಮ್ಮಿ ಊಟ ಸಾಕಾಗುತ್ತೆ, ಹಸಿವು ಮಾತ್ರ ಜಾಸ್ತಿ ಆಗುತ್ತೆ, ಅದು ನಿಜ, ನಾನೇ ಅನುಭವಿಸ್ತಾ ಇದೀನಿ. ವಯಸ್ಸಾದಂಗೆ ಸ್ನಾಯೂನೂ ಕರಗುತ್ತೆ, ಅದಕ್ಕೇ ವಾರಕ್ಕೆ ಎರಡು ದಿನ ಡಂಬೆಲ್ಸ್ ಎತ್ತೋದು ಶುರು ಮಾಡಿದೀನಿ.

ಈಗ ನನ್ನ ರೂಲ್ ಏನಂದ್ರೆ ಬೆಳಿಗ್ಗೆ ಒಂದೇ ಸಲ, ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ಚಹಾಗಿಂತ ಮೊದಲು. ಗೆರೆ ಎರಡು ವಾರ ಸತತ ಮೇಲೆ ಹೋಗಿ 68 ದಾಟಿದ್ರೆ ಮಾತ್ರ ರಾತ್ರಿ ಅನ್ನ ಕಮ್ಮಿ ಮಾಡ್ತೀನಿ. ಎಂಟು ತಿಂಗಳಲ್ಲಿ ಒಂದೇ ಸಲ ಮಾಡಬೇಕಾಯ್ತು. ದೀಪಾವಳಿಗೆ ಊರಿಗೆ ಹೋಗಿದ್ದೆ, ಮಷೀನ್ ಇಲ್ಲೇ ಬಿಟ್ಟು. ಅವ್ವ ಬಡಿಸಿದ ಹೋಳಿಗೆ ಎರಡು ತಿಂದೆ, ಹಾಲು ಹಾಕ್ಕೊಂಡು.

ಮಷೀನಿನ ತಪ್ಪುಗಳೂ ಹೇಳ್ಬೇಕು. ಕೊಬ್ಬು ಎಷ್ಟು ಪರ್ಸೆಂಟ್ ಅಂತ ತೋರಿಸೋದನ್ನ ನಂಬಬೇಡಿ. ಕಾಲಿಂದ ಸಣ್ಣ ಕರೆಂಟ್ ಬಿಟ್ಟು ಅಂದಾಜು ಮಾಡುತ್ತೆ, ಮೈಯಲ್ಲಿರೋ ನೀರಿನ ಮೇಲೆ ಅದು ಬದಲಾಗುತ್ತೆ, ಒಂದೇ ಬೆಳಿಗ್ಗೆ ಸ್ನಾನಕ್ಕೆ ಮುಂಚೆ 34, ಆಮೇಲೆ 31 ತೋರಿಸಿದೆ. ಚಾಪೆ ಮೇಲೆ ಇಟ್ರೆ ತೂಕಾನೂ ತಪ್ಪು ಬರುತ್ತೆ, ಟೈಲ್ಸ್ ಮೇಲೇ ಇಡಿ. ಮಳೆಗಾಲದಲ್ಲಿ ನೆಲ ತೇವ ಇದ್ದಾಗ ಜಾರುತ್ತೆ, ಒರೆಸಿ ಹತ್ತಿ. ಪೇಸ್‌ಮೇಕರ್ ಇರೋರು ಈ ಥರ ಕರೆಂಟ್ ಬಿಡೋ ಮಷೀನ್ ಬಳಸಲೇಬಾರದು, ಸಾದಾ ಮಷೀನ್ ತಗೊಳ್ಳಿ. ನಂಬರ್ ನೋಡಿದ್ರೆ ಊಟಾನೇ ಬಿಡೋ ಅಷ್ಟು ಸಂಕಟ ಆಗೋರು ದಯವಿಟ್ಟು ಇದನ್ನ ತಗೋಬೇಡಿ, ಮೊದಲು ಡಾಕ್ಟರ್ ಹತ್ರ ಮಾತಾಡಿ. ನಾನೂ ಫೆಬ್ರವರೀಲಿ ಅದರ ಅಂಚಲ್ಲೇ ಇದ್ದೆ.

ಐದಕ್ಕೆ ನಾಲ್ಕು ಸ್ಟಾರ್. ಆ ಕೊಬ್ಬಿನ ಪರ್ಸೆಂಟಿಗೆ ಒಂದು ಕಟ್.