ಮೂರು ಪದರದ ಗಾಳಿಯಾಡದ ಚೀಲ: ಹಲವು ಸುಗ್ಗಿಗಳ ಬಳಕೆಯ ನಂತರ

ಕಲಬುರಗಿ ಜಿಲ್ಲೆಯ ನಮ್ಮ ಹೊಲದ ತೊಗರಿಯಲ್ಲಿ ಮಾರುವುದನ್ನು ಮಾರಿದ ಮೇಲೆ, ಮನೆಯ ಬೇಳೆಗೂ ಮುಂದಿನ ಮುಂಗಾರಿನ ಬಿತ್ತನೆಗೂ ಉಳಿಸಿಕೊಳ್ಳುವ ಕಾಳನ್ನು ಹಲವು ಸುಗ್ಗಿಗಳಿಂದ ಮೂರು ಪದರದ ಗಾಳಿಯಾಡದ ಚೀಲದಲ್ಲಿಯೇ ಇಡುತ್ತಿದ್ದೇವೆ. ಒಳಗೆ ಒಂದರೊಳಗೊಂದು ದಪ್ಪ ಪಾಲಿಥೀನ್ ಚೀಲಗಳು ಎರಡು, ಹೊರಗೆ ಭಾರ ತಡೆಯಲು ಹೆಣೆದ ಪ್ಲಾಸ್ಟಿಕ್ ಚೀಲ ಒಂದು, ಇಷ್ಟೇ ಇದರ ರಚನೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಕೀಟತಜ್ಞರು ಆಫ್ರಿಕಾದ ಕ್ಯಾಮರೂನ್ ದೇಶದ ಅಲಸಂದೆ ಬೆಳೆಗಾರರಿಗಾಗಿ ಆರಂಭಿಸಿದ ಕೆಲಸದಿಂದ ಈ ಮಾದರಿ ಬಂದಿದೆ. ಅಲಸಂದೆಯನ್ನು ಕೊರೆಯುವ ದುಂಬಿಯ ಕುಲದ್ದೇ ನಮ್ಮ ತೊಗರಿ, ಹೆಸರು, ಕಡಲೆಗಳನ್ನೂ ಹಾಳುಮಾಡುವುದರಿಂದ, ಅಲ್ಲಿನ ಉಪಾಯ ಇಲ್ಲಿಯೂ ಫಲ ಕೊಟ್ಟಿರುವುದು ಸಹಜವೇ ಆಗಿದೆ.

ಈ ದುಂಬಿ ಹೊಲದಲ್ಲಿಯೇ ಕಾಯಿಯ ಮೇಲೆ ಮೊಟ್ಟೆ ಇಟ್ಟು ಕಾಳಿನೊಂದಿಗೆ ಮನೆಗೆ ಬರುತ್ತದೆ. ಬಳಿಕ ಚೀಲದಲ್ಲಿ ಹುಟ್ಟಿದ ದುಂಬಿಗಳು ಕಾಳಿನ ಸಿಪ್ಪೆಗೇ ಮೊಟ್ಟೆ ಅಂಟಿಸುತ್ತವೆ. ಒಂದು ಹಿಡಿ ತೊಗರಿಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಸಿಪ್ಪೆಯ ಮೇಲೆ ಸಾಸಿವೆಗಿಂತಲೂ ಸಣ್ಣದಾದ, ಹೊಳೆಯುವ ಬಿಳಿ ಚುಕ್ಕೆಗಳು ಕಾಣುತ್ತವೆ. ಮರಿಹುಳು ಅಲ್ಲಿಂದಲೇ ಒಳಗೆ ಕೊರೆದು ಹೋಗಿ, ಸೆಖೆಯ ದಿನಗಳಲ್ಲಿ ಸುಮಾರು ಒಂದು ತಿಂಗಳಿಗೆ ದುಂಡನೆಯ ತೂತು ಮಾಡಿಕೊಂಡು ದುಂಬಿಯಾಗಿ ಹೊರಬರುತ್ತದೆ. ಗೋಣಿಚೀಲದಲ್ಲಿ ಇಟ್ಟ ಕಾಳು ಮಳೆಗಾಲದ ಹೊತ್ತಿಗೆ ಹಿಟ್ಟು ಉದುರಿಸುವುದು ಈ ಕಾರಣಕ್ಕೆ.

ಗಾಳಿಯಾಡದ ಚೀಲದಲ್ಲಿ ಹುಳು ಉಸಿರಾಡಿದಂತೆ ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಮೊದಲು ಅದು ತಿನ್ನುವುದನ್ನು ನಿಲ್ಲಿಸುತ್ತದೆ, ಆಮೇಲೆ ಮೈಯಲ್ಲಿ ನೀರಿನಂಶ ಉಂಟಾಗದೆ ಒಣಗಿ ಸಾಯುತ್ತದೆ. ನಮ್ಮ ಭಾಗದ ಹಿರಿಯರಿಗೆ ಈ ತತ್ತ್ವ ಹೊಸದಲ್ಲ. ನೆಲದಲ್ಲಿ ಗುಂಡಿ ತೋಡಿ, ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದ ಹಗೇವಿನಲ್ಲಿ ಕಾಳು ವರ್ಷಗಟ್ಟಲೆ ಉಳಿಯುತ್ತಿದ್ದುದೂ, ಹಗೇವು ತೆರೆದ ಕೂಡಲೇ ಯಾರೂ ಒಳಗೆ ಇಳಿಯಬಾರದೆಂದು ಹೇಳುತ್ತಿದ್ದುದೂ ಇದೇ ಕಾರಣಕ್ಕೆ. ನನ್ನ ಮಟ್ಟಿಗೆ ಈ ಚೀಲದ ಅತಿ ದೊಡ್ಡ ಗುಣವೆಂದರೆ, ಮಕ್ಕಳು ಮಲಗುವ ಮನೆಯಲ್ಲಿ ಫಾಸ್ಫೀನ್ ಅನಿಲ ಬಿಡುವ ಗುಳಿಗೆಗಳನ್ನು ಇಡುವ ಅಗತ್ಯವೇ ಇಲ್ಲವಾದದ್ದು. ಆ ವಿಷಾನಿಲದಿಂದ ಜೀವಗಳೇ ಹೋಗಿವೆ. ವಾಸದ ಮನೆಯಲ್ಲಿ ಅದನ್ನು ಬಳಸಲೇಬಾರದು.

ಆದರೆ ಚೀಲವು ಕಾಳನ್ನು ಒಣಗಿಸುವುದಿಲ್ಲ, ಒಣಗಿದ್ದನ್ನು ಒಣಗಿದಂತೆಯೇ ಇಡುತ್ತದೆ, ಅಷ್ಟೆ. ಹಸಿ ಉಳಿದ ಕಾಳನ್ನು ತುಂಬಿದರೆ ಒಳಗಿನ ತೇವ ಹೊರಗೆ ಹೋಗಲು ದಾರಿಯೇ ಇಲ್ಲದೆ ಬೂಷ್ಟು ಹಿಡಿಯುತ್ತದೆ, ಮೊಳಕೆಯ ಶಕ್ತಿಯೂ ಹೋಗುತ್ತದೆ. ಬೀಜ ಪ್ರಮಾಣೀಕರಣದ ಮಾನದಂಡದಲ್ಲಿ ತೊಗರಿ ಬೀಜದ ತೇವಾಂಶ ಸಾಧಾರಣ ಚೀಲಕ್ಕೆ ಶೇ. 9ರವರೆಗೆ ಇರಬಹುದಾದರೂ, ತೇವ ದಾಟದ ಪೊಟ್ಟಣಕ್ಕೆ ಶೇ. 8 ಎಂದೇ ಇದೆ. ಜೋಳಕ್ಕೆ ಈ ಅಂಕಿಗಳು 12 ಮತ್ತು 8. ನಾವು ರಾಶಿ ಮುಗಿದ ಮೇಲೆ ತಾಡಪತ್ರಿಯ ಮೇಲೆ ತೆಳುವಾಗಿ ಹರಡಿ, ಕಾಳು ಹಲ್ಲಿಗೆ ಕಟಕ್ಕನೆ ಒಡೆಯುವವರೆಗೆ ಒಣಗಿಸುತ್ತೇವೆ. ಬಿತ್ತನೆಯ ಕಾಳಿಗೆ ಮಾತ್ರ ಹಲ್ಲನ್ನು ನಂಬದೆ ತೇವಮಾಪಕದಲ್ಲಿ ನೋಡಿಸುತ್ತೇವೆ. ಬಿಸಿಲಿಂದ ಎತ್ತಿದ ಬಿಸಿ ಕಾಳನ್ನು ನೆರಳಿನಲ್ಲಿ ತಣಿಯಲು ಬಿಟ್ಟು ಆಮೇಲೆಯೇ ತುಂಬುವುದು ಒಳ್ಳೆಯದು.

ತುಂಬುವ ಮೊದಲು ಒಳಚೀಲಗಳಿಗೆ ಒಂದೊಂದಾಗಿ ಗಾಳಿ ತುಂಬಿ, ಬಾಯಿ ಹಿಡಿದು ಒತ್ತಿ, ಕೆನ್ನೆಯ ಹತ್ತಿರ ಇಟ್ಟುಕೊಂಡು ಪರೀಕ್ಷಿಸಬೇಕು. ಸೂಜಿಮೊನೆಯಷ್ಟು ತೂತಿದ್ದರೂ ಗಾಳಿ ಚರ್ಮಕ್ಕೆ ತಾಗುತ್ತದೆ. ಕಾಳು ತುಂಬಿದ ಮೇಲೆ ಗಾಳಿಯನ್ನು ಅದುಮಿ ತೆಗೆದು, ಒಳಚೀಲದ ಕುತ್ತಿಗೆಯನ್ನು ಬಿಗಿಯಾಗಿ ತಿರುಚಿ, ಕೆಳಕ್ಕೆ ಮಡಚಿ ಹುರಿಯಿಂದ ಕಟ್ಟಬೇಕು, ಎರಡನೆಯದನ್ನೂ ಹೊರಗಿನದನ್ನೂ ಹಾಗೆಯೇ ಕಟ್ಟಬೇಕು. ಈ ಕೆಲಸದಲ್ಲಿ ಅವಸರ ಸಲ್ಲದು.

ಕೊರತೆಗಳನ್ನೂ ಹೇಳಲೇಬೇಕು. ಇಲಿ, ಹೆಗ್ಗಣಗಳಿಗೆ ಈ ಚೀಲ ಯಾವ ತಡೆಯೂ ಅಲ್ಲ. ಒಮ್ಮೆ ಕಡಿದರೆ ಒಳಗಿನ ರಕ್ಷಣೆಯೇ ಮುಗಿಯಿತು. ಆದ್ದರಿಂದ ಗೋಡೆಯಿಂದ ದೂರ, ಮರದ ಹಲಗೆಗಳ ಮೇಲೆ, ಸುತ್ತಲೂ ಓಡಾಡಲು ಜಾಗ ಬಿಟ್ಟು ಇಡುತ್ತೇವೆ. ಬೆಲೆಯೂ ಸಾಮಾನ್ಯ ಚೀಲಕ್ಕಿಂತ ಹೆಚ್ಚು, ಆದರೆ ತೂತಿಲ್ಲದ ಚೀಲವನ್ನು ಮತ್ತೆ ಮತ್ತೆ ಬಳಸಬಹುದಾದ್ದರಿಂದ ನಮಗೆ ಅದು ಹೊರೆಯೆನಿಸಿಲ್ಲ. ನಿತ್ಯದ ಅಡುಗೆಗೆ ಆಗಾಗ ಕಾಳು ತೆಗೆಯುವ ಮನೆಗೆ ದೊಡ್ಡ ಚೀಲ ಹೊಂದುವುದಿಲ್ಲ, ಏಕೆಂದರೆ ಪ್ರತಿ ಸಲ ಬಿಚ್ಚಿದಾಗಲೂ ಹೊಸ ಗಾಳಿ ಒಳಗೆ ಸೇರುತ್ತದೆ. ನಾವು 50 ಕಿಲೋ ಚೀಲಗಳನ್ನೇ ಕೊಂಡು, ಒಂದನ್ನು ಬಿಚ್ಚಿದರೆ ಅದರ ಕಾಳನ್ನು ಒಟ್ಟಿಗೇ ಬೇಳೆ ಮಾಡಿಸುತ್ತೇವೆ.

ಬಿಳಿಜೋಳಕ್ಕೂ ಇದನ್ನು ಬಳಸಿದ್ದೇವೆ, ನುಸಿ ಬಂದಿಲ್ಲ, ರೊಟ್ಟಿಯ ರುಚಿಯೂ ಕೆಟ್ಟಿಲ್ಲ. ಬಿತ್ತನೆಗೆಂದು ಇಟ್ಟ ತೊಗರಿಯ ಮೊಳಕೆಯನ್ನು ಪ್ರತಿ ವರ್ಷ ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡುತ್ತೇವೆ, ಈವರೆಗೆ ಬೀಜವನ್ನು ಹೊರಗಿನಿಂದ ಕೊಳ್ಳುವ ಪ್ರಸಂಗ ಬಂದಿಲ್ಲ. ಕೊಳ್ಳುವವರು ಅಂಗಡಿಯಲ್ಲಿಯೇ ಚೀಲ ಬಿಚ್ಚಿಸಿ, ಒಳಚೀಲಗಳು ನಿಜವಾಗಿ ಎರಡಿವೆಯೇ, ಪ್ರತಿಯೊಂದೂ 80 ಮೈಕ್ರಾನ್ ದಪ್ಪದ್ದೇ ಎಂದು ಕೇಳಿ ನೋಡಲಿ. ಒಂದೇ ತೆಳು ಹಾಳೆಯ ಚೀಲ ಅಗ್ಗಕ್ಕೆ ಸಿಕ್ಕರೂ ವರ್ಷದ ಕಾಳನ್ನು ಅದರಲ್ಲಿ ತುಂಬಬೇಡಿ.