ಎರಡು ಕಾರ್ಡು, ಎರಡು ರಾತ್ರಿ: ಮ್ಯಾರಿಯಟ್ ಬಾನ್‌ವಾಯ್ ಕ್ರೆಡಿಟ್ ಕಾರ್ಡಿನ ಬಗ್ಗೆ ನಮ್ಮನೆ ಲೆಕ್ಕ

ಪಾಯಿಂಟ್ಸ್ ಕೂಡಿಸಿ, ಮೈಲ್ಸ್ ಕೂಡಿಸಿ, ಐಷಾರಾಮಿಯಾಗಿ ಊರು ಸುತ್ತಿ ಅಂತ ಹೇಳುವವರೆಲ್ಲ ತಿಂಗಳಿಗೆ ಲಕ್ಷಗಟ್ಟಲೆ ಕಾರ್ಡ್ ಉಜ್ಜುವ ಜನ. ನಮ್ಮದು ಆ ಜಾತಿಯ ಮನೆಯಲ್ಲ. ಇವರು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು, ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವವಳು. ದಿನಸಿ, ಮಗಳ ಫೀಸು, ವಿಮೆ ಕಂತು, ಅಷ್ಟೇ ನಮ್ಮ ಖರ್ಚು. ಹಾಗಿದ್ದೂ ವರ್ಷಕ್ಕೊಂದು ಸಲ ದೊಡ್ಡ ಹೋಟೆಲಿನಲ್ಲಿ ಎರಡು ರಾತ್ರಿ ಕಾಲು ಚಾಚಿ ಮಲಗಿ ಬರುತ್ತೇವೆ. ಅದು ಸಾಧ್ಯವಾಗಿರುವುದು ಎಚ್‌ಡಿಎಫ್‌ಸಿ ಬ್ಯಾಂಕಿನ ಮ್ಯಾರಿಯಟ್ ಬಾನ್‌ವಾಯ್ ಕಾರ್ಡಿನಿಂದ. ಮ್ಯಾರಿಯಟ್ ಅಂದರೆ ದೊಡ್ಡ ಹೋಟೆಲ್ ಸಂಸ್ಥೆ, ಬಾನ್‌ವಾಯ್ ಅದರ ಪಾಯಿಂಟ್ಸ್ ಯೋಜನೆ; ಆ ಪಾಯಿಂಟ್ಸ್ ಕೊಟ್ಟು ಅವರ ಹೋಟೆಲುಗಳಲ್ಲಿ ಕೋಣೆ ತೆಗೆದುಕೊಳ್ಳಬಹುದು. 2023ರ ಆಗಸ್ಟ್‌ನಲ್ಲಿ ಬಂದ ಕಾರ್ಡು.

ಮೊದಲು ದುಡ್ಡಿನ ವಿಷಯ. ವರ್ಷಕ್ಕೆ 3,000 ರೂಪಾಯಿ ಶುಲ್ಕ, ಮೇಲೆ ಶೇ 18 ಜಿಎಸ್‌ಟಿ, ಒಟ್ಟು 3,540. ಅದನ್ನು ಕಟ್ಟಿದರೆ ಒಂದು ರಾತ್ರಿಯ ಹೋಟೆಲ್ ವಾಸ ನಿಮ್ಮ ಬಾನ್‌ವಾಯ್ ಖಾತೆಗೆ ಬಂದು ಕೂರುತ್ತದೆ, ಆ ರಾತ್ರಿಗೆ ಹೋಟೆಲ್ ಕೇಳುವ ದರ 15,000 ಪಾಯಿಂಟ್ ಮೀರಬಾರದು ಅಷ್ಟೇ. ಮುಂದಿನ ವರ್ಷ ಶುಲ್ಕ ಕಟ್ಟಿದಾಗ ಮತ್ತೊಂದು. ನಮ್ಮತ್ತೆ ಇದನ್ನು ಕೇಳಿ, "ಮೂರೂವರೆ ಸಾವಿರ ಕೊಟ್ಟು ಬಿಟ್ಟಿ ಅಂತೀರಲ್ಲೋ" ಅಂದರು. ಸರಿಯಾದ ಮಾತೇ. ಇದು ಬಿಟ್ಟಿಯಲ್ಲ. ಹತ್ತು ಹನ್ನೆರಡು ಸಾವಿರದ ಕೋಣೆಯನ್ನು ಮೂರೂವರೆ ಸಾವಿರಕ್ಕೆ ಮುಂಗಡವಾಗಿ ಕೊಂಡಿಟ್ಟುಕೊಳ್ಳುವ ವ್ಯವಹಾರ. ಹಾಗೆ ನೋಡಿದರೆ ಒಳ್ಳೇ ಕಾರ್ಡು, ಬೇರೆ ಹೇಗೆ ನೋಡಿದರೂ ಸಾಧಾರಣ.

ಯಾಕೆ ಅಂದರೆ ಪಾಯಿಂಟ್ಸ್ ಬರುವ ವೇಗ ಆಮೆಯದು. ಮ್ಯಾರಿಯಟ್ ಹೋಟೆಲುಗಳಲ್ಲಿ ಖರ್ಚು ಮಾಡಿದರೆ 150 ರೂಪಾಯಿಗೆ 8 ಪಾಯಿಂಟ್, ಪ್ರಯಾಣ, ಹೋಟೆಲ್ ಊಟ, ಮನರಂಜನೆಗೆ 4, ಮಿಕ್ಕಿದ್ದಕ್ಕೆಲ್ಲ 2. ಕ್ಯಾಲ್ಕುಲೇಟರ್ ತೆಗೆದು ನೋಡಿ: ದಿನಸಿ, ಬಟ್ಟೆ ಅಂತ ಖರ್ಚು ಮಾಡಿಯೇ 15,000 ಪಾಯಿಂಟ್ ಸೇರಿಸಬೇಕಾದರೆ 11.25 ಲಕ್ಷ ರೂಪಾಯಿ ಬೇಕು! ಅಷ್ಟು ಖರ್ಚಿಗೆ ಬರುವ ಫಲ ಶುಲ್ಕ ಕಟ್ಟಿದ ಮಾತ್ರಕ್ಕೆ ಬರುತ್ತದೆ ಅನ್ನುವುದೇ ಈ ಕಾರ್ಡಿನ ಗುಟ್ಟು. ಹಾಗಾಗಿ ಶುಲ್ಕ ಕಟ್ಟಿ, ರಾತ್ರಿ ತೆಗೆದುಕೊಂಡು, ದಿನನಿತ್ಯದ ಖರ್ಚಿಗೆ ನಾವು ಬೇರೆ ಕಾರ್ಡೇ ಬಳಸುತ್ತೇವೆ. ಇದು ವೀಸಾ, ಮಾಸ್ಟರ್‌ಕಾರ್ಡ್ ಅಲ್ಲ, ಡೈನರ್ಸ್ ಅನ್ನುವ ಬೇರೆ ಜಾಲದ ಕಾರ್ಡ್. ಸಣ್ಣ ಅಂಗಡಿಗಳ ಮಷೀನಿನಲ್ಲಿ ಎಲ್ಲ ಕಡೆ ನಡೆಯುತ್ತದೆ ಅನ್ನುವ ಖಾತ್ರಿಯಿಲ್ಲ.

ಒಬ್ಬರೇ ಈ ಕಾರ್ಡ್ ತೆಗೆದುಕೊಂಡರೆ ಏನಾಗುತ್ತದೆ? ಒಂದು ರಾತ್ರಿ ಸಿಗುತ್ತದೆ. ಆರೇಳು ಗಂಟೆ ಪ್ರಯಾಣ ಮಾಡಿ, ಮಧ್ಯಾಹ್ನ ಮೂರಕ್ಕೆ ಕೋಣೆ ಸೇರಿ, ಮಾರನೇ ದಿನ ಬೆಳಿಗ್ಗೆಯೇ ಚೀಲ ಕಟ್ಟುವುದು. ಅದಕ್ಕೆ ಮನೆಯಲ್ಲೇ ಮಲಗಬಹುದು. ಹೆಂಡತಿ ಹೆಸರಿಗೆ ಆ್ಯಡ್-ಆನ್ ಕಾರ್ಡ್, ಅಂದರೆ ಗಂಡನ ಖಾತೆಗೇ ಸೇರಿದ ಎರಡನೇ ಕಾರ್ಡ್, ಮಾಡಿಸಿದರೆ ಇನ್ನೊಂದು ರಾತ್ರಿ ಬರುವುದಿಲ್ಲ. ಇಬ್ಬರ ಹೆಸರಿನಲ್ಲೂ ಪ್ರತ್ಯೇಕ ಕಾರ್ಡೇ ಇರಬೇಕು, ಇಬ್ಬರಿಗೂ ಆದಾಯ ಇರಬೇಕು. ನಾವಿಬ್ಬರೂ ಒಂದೇ ತಿಂಗಳಲ್ಲಿ ಮಾಡಿಸಿದೆವು. ಅದಕ್ಕೆ ಕಾರಣವಿದೆ: ಆ ರಾತ್ರಿಗೆ ಒಂದು ವರ್ಷದ ಗಡುವು. ಗಡುವಿನೊಳಗೆ ಬುಕ್ ಮಾಡಿದರೆ ಸಾಲದು, ಹೋಗಿ ಉಳಿದು ಬರಬೇಕು. ಇವರದ್ದು ಜೂನ್‌ಗೆ, ನನ್ನದು ಜನವರಿಗೆ ಮುಗಿಯುವ ಹಾಗಿದ್ದರೆ ಎರಡನ್ನೂ ಜೋಡಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ.

ಕಳೆದ ದಸರಾ ರಜೆಯಲ್ಲಿ ನಾವು ಹೋಗಿದ್ದು ಚೆನ್ನೈನ ಈಸಿಆರ್ ರಸ್ತೆಯಲ್ಲಿ, ವಡನೆಮ್ಮೇಲಿ ಹತ್ತಿರ ಇರುವ ಶೆರಟನ್ ಗ್ರ್ಯಾಂಡ್ ರೆಸಾರ್ಟ್‌ಗೆ. ಶೆರಟನ್ ಕೂಡ ಮ್ಯಾರಿಯಟ್‌ನವರದ್ದೇ. ಶನಿವಾರಕ್ಕೆ ಹುಡುಕಿದರೆ ಮ್ಯಾರಿಯಟ್ ಆ್ಯಪ್ 15,000 ಪಾಯಿಂಟ್‌ಗಿಂತ ಮೇಲೆ ತೋರಿಸಿತು. ಭಾನುವಾರ, ಸೋಮವಾರ ಅದರೊಳಗೇ ಇತ್ತು. ಮೊದಲು ಮ್ಯಾರಿಯಟ್‌ನಲ್ಲಿ ಯಾವ ದರ್ಜೆಯ ಹೋಟೆಲಿಗೆ ಎಷ್ಟು ಪಾಯಿಂಟ್ ಅಂತ ಒಂದು ಪಟ್ಟಿ ಇತ್ತು. 2022ರ ಮಾರ್ಚ್ ಕೊನೆಗೆ ಅದನ್ನು ತೆಗೆದುಹಾಕಿದರು. ಈಗ ವಿಮಾನದ ಟಿಕೆಟ್ಟಿನ ಹಾಗೆ ದಿನ ನೋಡಿ ದರ. ಸ್ವಲ್ಪ ಹೆಚ್ಚಿದ್ದರೆ ನಿಮ್ಮ ಖಾತೆಯಿಂದ ಒಂದು ಮಿತಿಯವರೆಗೆ ಪಾಯಿಂಟ್ ಸೇರಿಸಿಕೊಳ್ಳಬಹುದು. ಗಂಡ ಹೆಂಡತಿ ಒಬ್ಬರ ಪಾಯಿಂಟ್ಸ್ ಇನ್ನೊಬ್ಬರಿಗೆ ಕಳಿಸಿಕೊಳ್ಳಲೂಬಹುದು. ಆದರೆ ರಜೆ ನಿಮ್ಮ ಕೈಯಲ್ಲಿದ್ದರೆ ಭಾನುವಾರ ರಾತ್ರಿಯಷ್ಟು ಒಳ್ಳೇ ರಾತ್ರಿ ಇಲ್ಲ. ಊರಿಗೆ ಊರೇ ಗಾಡಿ ಹತ್ತಿ ವಾಪಸ್ ಹೋಗುತ್ತಿರುತ್ತದೆ, ನೀವು ಎದುರು ದಿಕ್ಕಿನಲ್ಲಿ.

ಭಾನುವಾರದ ಬುಕಿಂಗ್ ಇವರ ಖಾತೆಯಿಂದ, ಸೋಮವಾರದ್ದು ನನ್ನದರಿಂದ. ಹೀಗೆ ಮಾಡಿದಾಗ ಹೋಟೆಲಿನವರ ಕಣ್ಣಿಗೆ ಅದು ಇಬ್ಬರು ಬೇರೆ ಬೇರೆ ಅತಿಥಿಗಳು. ಹಿಂದೊಮ್ಮೆ ಇನ್ನೊಂದು ಊರಿನ ಹೋಟೆಲಿನಲ್ಲಿ, ಹೆಸರು ಬೇಡ, ಬೆಳಿಗ್ಗೆ ಕೋಣೆ ಖಾಲಿ ಮಾಡಿ, ಲಾಬಿಯಲ್ಲಿ ಕೂತು, ಮಧ್ಯಾಹ್ನ ಮತ್ತೆ ಅದೇ ಮಹಡಿಯ ಇನ್ನೊಂದು ಕೋಣೆಗೆ ಹೋಗಿ ಅಂತ ಕಳಿಸಿದ್ದರು. ಇವರು, "ರೂಲ್ಸ್ ಕಣೇ, ಬಿಡು" ಅಂದರು. ನಾನು ಬಿಡಲಿಲ್ಲ, ಮ್ಯಾನೇಜರ್ ಬರುವವರೆಗೂ ಕೌಂಟರ್ ಮುಂದೆ ನಿಂತೆ. ಅಲ್ಲಿಂದೀಚೆಗೆ ಹೊರಡುವ ಮೂರ್ನಾಲ್ಕು ದಿನ ಮುಂಚೆಯೇ ಎರಡೂ ಬುಕಿಂಗ್ ನಂಬರ್ ಹಾಕಿ, ನಾವು ಗಂಡ ಹೆಂಡತಿ, ಕೋಣೆ ಬದಲಿಸಬೇಡಿ ಅಂತ ಹೋಟೆಲಿಗೆ ಇಮೇಲ್ ಮಾಡುತ್ತೇನೆ. ಈ ಸಲ ಕೌಂಟರಿನ ಹುಡುಗಿ ಕೊಟ್ಟ ಕೀ ಕಾರ್ಡಿನ ಪುಟ್ಟ ಲಕೋಟೆಯ ಮೇಲೆ ಎರಡೂ ನಂಬರ್ ಮೊದಲೇ ಬಾಲ್ ಪೆನ್ನಿನಲ್ಲಿ ಬರೆದಿತ್ತು, ಮಧ್ಯೆ ಒಂದು ಪ್ಲಸ್ ಗುರುತು. ಸೋಮವಾರ ಕೀ ಕಾರ್ಡನ್ನು ಮತ್ತೆ ಮಷೀನಿಗೆ ಮುಟ್ಟಿಸಿಕೊಂಡು ಹೋಗಲು ಒಂದು ನಿಮಿಷ ಕೆಳಗಿಳಿದದ್ದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಕೋಣೆಗೆ ಬಾಲ್ಕನಿ, ಆಚೆ ಹುಲ್ಲು, ಅದರಾಚೆ ಕಡಲು. ಆ ಕಡೆಯ ಅಲೆಗಳು ಒರಟು, ಈಜುವ ಕಡಲಲ್ಲ, ನೋಡುವ ಕಡಲು. ಇವರು ಬೆರಳು ಸುಕ್ಕುಗಟ್ಟುವವರೆಗೂ ಪೂಲಿನಲ್ಲಿದ್ದರು. ಕಾರ್ಡಿನ ಜೊತೆ ಬಾನ್‌ವಾಯ್‌ನಲ್ಲಿ ಸಿಲ್ವರ್ ಅನ್ನುವ ಸದಸ್ಯ ದರ್ಜೆ ಸಿಗುತ್ತದೆ, ಅದನ್ನು ನಂಬಿಕೊಂಡು ತಿಂಡಿಗೆ ಇಳಿಯಬೇಡಿ. ಸಿಲ್ವರ್‌ಗೆ ಉಪಾಹಾರ ಇಲ್ಲ. ಕೋಣೆ ಖಾಲಿ ಇದ್ದರೆ ಸ್ವಲ್ಪ ತಡವಾಗಿ ಬಿಡಬಹುದು, ಪಾಯಿಂಟ್ಸ್ ಶೇ 10ರಷ್ಟು ಹೆಚ್ಚು, ಅಷ್ಟೇ. ಬಫೆಗೆ ಇಬ್ಬರು ಕೊಡುವ ದುಡ್ಡು ನನಗಂತೂ ಗಂಟಲಲ್ಲಿ ಇಳಿಯುವುದಿಲ್ಲ. ರಸ್ತೆಗೆ ಬಂದು ಪೊಂಗಲ್, ವಡೆ, ಮೇಲೊಂದು ಫಿಲ್ಟರ್ ಕಾಫಿ. ಕಾಫಿಗೆ ಸಕ್ಕರೆ ಜಾಸ್ತಿ, ಅದೊಂದೇ ತಕರಾರು.

ಸೋಮವಾರ ಮುಟ್ಟುಕಾಡಿನ ದಕ್ಷಿಣಚಿತ್ರಕ್ಕೆ ಹೋದೆವು. ಮಂಗಳವಾರ ಅದಕ್ಕೆ ರಜೆ, ಗಮನವಿರಲಿ. ದಕ್ಷಿಣದ ರಾಜ್ಯಗಳ ಹಳೇ ಮನೆಗಳನ್ನು ಅಲ್ಲಿ ಕಟ್ಟಿ ನಿಲ್ಲಿಸಿದ್ದಾರೆ, ಅದರಲ್ಲಿ ನಮ್ಮ ಇಳಕಲ್ ನೇಕಾರರ ಮನೆಯೂ ಒಂದು. ಇವರ ತಾಯಿಯ ಕಡೆಯವರು ಬಾಗಲಕೋಟೆಯವರು. ಹೊಸ್ತಿಲಲ್ಲಿ ನಿಂತು, "ನಮ್ಮಜ್ಜಿ ಮನೆ ಹೀಗೇ ಇತ್ತು ಕಣೇ" ಅಂತ ಪಕ್ಕದ ಅಪರಿಚಿತರಿಗೂ ಕೇಳುವ ಹಾಗೆ ಹೇಳಿದರು.

ಈ ಪಾಯಿಂಟ್ಸ್ ಲೋಕದ ಇನ್ನೊಂದು ಸತ್ಯ: ಕೂಡಿಡುವುದು ಜಾಣತನವಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಅನ್ನುವ ಕಾರ್ಡಿಗೆ ತಿಂಗಳಿಗೆ ಲಕ್ಷ ರೂಪಾಯಿ ಖರ್ಚು ಮಾಡಿದರೆ ಸಿಗುತ್ತಿದ್ದ 25,000 ಪಾಯಿಂಟ್ ನಿಂತುಹೋಯಿತು, ಶುಲ್ಕ 10,000ದಿಂದ 12,500ಕ್ಕೆ ಏರಿತು. ಇಂದಿನ ನಿಯಮ ನಾಳೆಗಿಲ್ಲ. ಬಿಲ್ಲನ್ನು ಪೂರ್ತಿ ಕಟ್ಟಲಾಗದವರು ಈ ಕಡೆ ತಲೆ ಹಾಕಲೇಬಾರದು. ಬಾಕಿಯ ಬಡ್ಡಿ ಎರಡೇ ತಿಂಗಳಲ್ಲಿ ಹೋಟೆಲ್ ಕೋಣೆಯನ್ನು ನುಂಗಿ ನೀರು ಕುಡಿಯುತ್ತದೆ. ನಮ್ಮ ಮ್ಯಾರಿಯಟ್ ಕಾರ್ಡಿಗೆ ವಿಮಾನ ನಿಲ್ದಾಣದ ಲೌಂಜ್ ಪ್ರವೇಶ ದೇಶದೊಳಗೆ ವರ್ಷಕ್ಕೆ 12 ಸಲ, ಹೊರಗೆ 12 ಸಲ ಇದೆ. ನಾವು ಹೆಚ್ಚಾಗಿ ಕಾರಿನಲ್ಲೋ ರೈಲಿನಲ್ಲೋ ಹೋಗುವವರು, ಅದು ಹಾಗೇ ಉಳಿಯುತ್ತದೆ.

ನನ್ನ ಅಂಕ: ದಂಪತಿಗೆ ಐದಕ್ಕೆ ನಾಲ್ಕು, ಒಂಟಿಯಾಗಿ ತೆಗೆದುಕೊಳ್ಳುವವರಿಗೆ ಎರಡು. ಈ ವರ್ಷದ ಎರಡು ರಾತ್ರಿಗೆ ಕೊಚ್ಚಿ ಮ್ಯಾರಿಯಟ್ ಅಂತ ಇವರ ಹಟ, ಎಡಪಳ್ಳಿಯ ಲುಲು ಮಾಲ್ ಪಕ್ಕದಲ್ಲೇ ಇದೆಯಂತೆ. ಮಾಲ್ ನೋಡಲು ಕೇರಳಕ್ಕೆ ಯಾಕ್ರೀ ಹೋಗಬೇಕು ಅಂತ ನಾನು. ಗಡುವಿಗೆ ಇನ್ನೂ ಸಮಯವಿದೆ, ಜಗಳಕ್ಕೂ ಇದೆ.