ಕುಂದಾಪುರದ ಕೋಡಿನಾ, ಧನುಷ್ಕೋಡಿನಾ? 12 ಮೀಟರ್ ಕೈಟ್ ಹೊತ್ಕೊಂಡು ಅಲೆದವನ ಲೆಕ್ಕ

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ರಾಮೇಶ್ವರಕ್ಕೆ, ಅಂದ್ರೆ ಅದರ ತುದಿಯ ಧನುಷ್ಕೋಡಿಗೆ. ಬೆಂಗಳೂರಲ್ಲಿ ಕೂತ್ಕೊಂಡು ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟ ಎಳೆಯೋ ಬಲದಲ್ಲಿ ಬೋರ್ಡ್ ಮೇಲೆ ನಿಂತು ನೀರಲ್ಲಿ ಜಾರೋ ಆಟ) ಹುಚ್ಚು ಹಿಡಿಸ್ಕೊಂಡೋರಿಗೆ ಕೈಗೆ ಸಿಗೋ ಜಾಗ ಮೂರು: ನಮ್ಮದೇ ಕರಾವಳಿ, ಉತ್ತರ ಗೋವಾದ ಮಾಂದ್ರೆಂ ಕಡೆ, ಆಮೇಲೆ ರಾಮೇಶ್ವರ. ಮೂರೂ ಕಡೆ ಒಂದೇ ಕೈಟ್ ಹೊತ್ಕೊಂಡು ಹೋಗಿ ಬಂದಿದೀನಿ, ಒಂದು ಕಡೆ ಹರಿದ್ಕೊಂಡೂ ಬಂದೆ, ಅದಕ್ಕೇ ಇದನ್ನ ಬರೀತಿರೋದು.

ಕೈಟ್ ಸೆಕೆಂಡ್ ಹ್ಯಾಂಡ್, 12 ಚದರ ಮೀಟರ್, ಬಾರ್ (ಹಗ್ಗ ಕಟ್ಟಿರೋ ಹಿಡಿಕೋಲು) ಸೇರಿ 65 ಸಾವಿರ. ಮಾರಿದವರು "ಇದೊಂದಿದ್ರೆ ಇಂಡಿಯಾದಲ್ಲಿ ಎಲ್ಲಾ ಕಡೆ ಸಾಕು" ಅಂದಿದ್ರು. ನನ್ನ ತೂಕ 78 ಕೆಜಿ, ಈ ತೂಕಕ್ಕೆ ಆ ಕೈಟ್ ಹೆಚ್ಚುಕಮ್ಮಿ 14ರಿಂದ 20 ನಾಟ್ (ಒಂದು ನಾಟ್ ಅಂದ್ರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಗಾಳೀಲಿ ಖುಷಿಯಾಗಿ ಎಳೆಯುತ್ತೆ. ಕಮ್ಮಿ ಆದ್ರೆ ನೀರಲ್ಲಿ ಕೂತೇ ಇರ್ತೀರ, ಜಾಸ್ತಿ ಆದ್ರೆ ಅದು ನಿಮ್ಮನ್ನ ಎತ್ಕೊಂಡು ಹೋಗುತ್ತೆ. ಗಾಳಿ ಬಲ ವೇಗದ ವರ್ಗದ (ವೇಗವನ್ನ ವೇಗದಿಂದಲೇ ಗುಣಿಸಿದ) ಲೆಕ್ಕದಲ್ಲಿ ಏರೋದು, 10 ನಾಟ್ ಇದ್ದಿದ್ದು 15 ಆದ್ರೆ ಎಳೆತ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಇದು ಗೊತ್ತಿಲ್ಲದೆ ಯಾರೂ ಕೈಟ್ ಕೊಳ್ಳಬೇಡಿ.

ಈ ಕೈಟ್ ಕೈಗೆ ಬಂದ ಮೇಲೆ ಮೊದಲು ಹೋಗಿದ್ದು ಕೋಡಿಗೆ. ಅಮ್ಮನ ಊರು ಕುಂದಾಪುರ, ಮಾವನ ಮನೆ ಇದೆ, ರೂಮಿನ ಖರ್ಚಿಲ್ಲ, ಬೆಂಗಳೂರಲ್ಲಿ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಗ್ಗೆ ಅಲ್ಲಿ. ಐದು ಹೊಳೆ ಒಟ್ಟಾಗಿ ಪಂಚಗಂಗಾವಳಿಯಾಗಿ ಸಮುದ್ರ ಸೇರೋ ಅಳಿವೆ, ಆಚೆ ದಡದಲ್ಲಿ ಗಂಗೊಳ್ಳಿ ಬಂದರು, ಈಚೆ ದಡದಲ್ಲಿ ಕೋಡಿಯ ಉದ್ದದ ಮರಳು. ಅಳಿವೆ ಬಾಯಿಗೆ ಕಲ್ಲು ಸುರಿದು ಬ್ರೇಕ್‌ವಾಟರ್ ಕಟ್ಟಿದಾರೆ, ಅದರ ಮೇಲೆ ಸಂಜೆ ಜನ ವಾಕಿಂಗ್ ಹೋಗ್ತಾರೆ. ಫೆಬ್ರವರಿಯಿಂದ ಏಪ್ರಿಲ್ ತನಕ ಮಧ್ಯಾಹ್ನ ಮೇಲೆ ನೆಲ ಕಾದು ಬಿಸಿಗಾಳಿ ಮೇಲೆದ್ದಾಗ ಕಡಲ ಕಡೆಯಿಂದ ವಾಯುವ್ಯದ ಗಾಳಿ ಬೀಸುತ್ತೆ, ದಡಕ್ಕೆ ಓರೆಯಾಗಿ, ಕಡಲಿಗೆ ಮುಖ ಮಾಡಿ ನಿಂತ್ರೆ ಬಲಗಡೆಯಿಂದ. ಕಾಗದದ ಮೇಲೆ ನೋಡಿದ್ರೆ ಎಲ್ಲಾ ಸರಿ. ಫೋನಲ್ಲಿ 14 ನಾಟ್ ತೋರಿಸ್ತಿತ್ತು.

ಸಮಸ್ಯೆ ಆ ಕಲ್ಲುಗಳದ್ದು. ನಮ್ಮಂಥ ಹೊಸಬರು ಗಾಳಿಗೆ ಎದುರಾಗಿ ಹೋಗಕ್ಕೆ ಬರದೆ ಗಾಳಿ ಬೀಸೋ ದಿಕ್ಕಿಗೇ ಜಾರ್ತಾ ಹೋಗ್ತೀವಿ, ಆಮೇಲೆ ಬೋರ್ಡ್ ಕಂಕುಳಲ್ಲಿ ಇಟ್ಕೊಂಡು ಮರಳಲ್ಲಿ ವಾಪಸ್ ನಡೀಬೇಕು, ಹಾಗಾಗಿ ಆದಷ್ಟು ಗಾಳಿ ಬರೋ ಕಡೆಯಿಂದ ಶುರು ಮಾಡೋಣ, ಜಾರಕ್ಕೆ ಜಾಗ ಜಾಸ್ತಿ ಸಿಗುತ್ತೆ ಅಂತ ಬ್ರೇಕ್‌ವಾಟರ್‌ಗೆ ಬರೀ ನಲವತ್ತು ಹೆಜ್ಜೆ ದೂರದಲ್ಲಿ ಕೈಟ್ ಹಾಸಿದೆ. ವಾಯುವ್ಯದ ಗಾಳಿ ಆ ಕಲ್ಲಿನ ಗೋಡೆ ದಾಟಿ ಬರ್ಬೇಕು. ದಾಟಿದ ಮೇಲೆ ಅದು ನೇರ ಬರಲ್ಲ, ಉರುಳಿ ಉರುಳಿ ಬರುತ್ತೆ. ತೋಡಿನ ನೀರು ಬಂಡೆ ದಾಟಿದ ಮೇಲೆ ಸುಳಿ ತಿರುಗೋದನ್ನ ನೋಡಿದೀರಲ್ಲ, ಅದೇ ಥರ. ಇಪ್ಪತ್ತು ಮೀಟರ್ ಎತ್ತರದಲ್ಲಿ ಗಾಳಿ ಚೆನ್ನಾಗೇ ಇತ್ತು, ಆದ್ರೆ ಎಬ್ಬಿಸೋ ಹೊತ್ತಲ್ಲಿ ಕೈಟ್ ನೆಲದ ಹತ್ರಾನೇ ಇರುತ್ತಲ್ಲ, ಸರಿಯಾಗಿ ಆ ಕೆಟ್ಟ ಪದರದ ಒಳಗೆ.

ಮಾವನ ಮಗ ಕೈಟ್ ಹಿಡ್ಕೊಂಡಿದ್ದ, ಹೆಬ್ಬೆರಳು ಎತ್ತಿ ತೋರಿಸಿದೆ, ಬಿಟ್ಟ. ಅರ್ಧ ಎದ್ದಿತ್ತು, ಗಾಳಿ ಸತ್ತೇ ಹೋಯ್ತು, ಹಗ್ಗ ಎಲ್ಲಾ ಸಡಿಲ, ಕೈಟ್ ಹಿಂದಕ್ಕೆ ಬೀಳ್ತಾ ಇರೋವಾಗ್ಲೇ ಒಂದು ಹೊಡೆತ ಬಂತು ನೋಡಿ, ಅದು ಗಿರಕ್ಕನೆ ತಿರುಗಿ ನನ್ನ ಮೂರ್ನಾಲ್ಕು ಹೆಜ್ಜೆ ಎಳ್ಕೊಂಡೋಗಿ ಕೆಳಗಡೆ ಮರಳ ಮೇಲೆ ಎಳೆದಿಟ್ಟಿದ್ದ ದೋಣಿಗೆ ಅಪ್ಪಳಿಸ್ತು. ಕ್ವಿಕ್ ರಿಲೀಸ್ (ಕೈಟ್‌ನ ಎಳೆತ ತಕ್ಷಣ ಬಿಡಿಸೋ ಹಿಡಿ) ಎಳೆದೆ, ಯಾರಿಗೂ ಏನೂ ಆಗ್ಲಿಲ್ಲ. ಆದ್ರೆ ದೋಣಿ ಅಂಚಿನ ಮೊಳೆಗೆ ಸಿಕ್ಕಿ ಕೈಟ್‌ನ ಮುಂದಿನ ಗಾಳಿ ತುಂಬೋ ಕೊಳವೆ ಒಂದು ಮೊಳ ಹರಿದಿತ್ತು, ಒಳಗಿನ ಗಾಳಿ ಹಿಡಿಯೋ ಬ್ಲಾಡರ್ ಸಮೇತ. ಪಕ್ಕದಲ್ಲಿ ಒಣ ಹಾಕಿದ್ದ ಬಲೆಗೆ ನನ್ನ ನಾಲ್ಕೂ ಹಗ್ಗ ಸುತ್ಕೊಂಡಿತ್ತು, ಒಂದೊಂದು 24 ಮೀಟರ್.

ಬಲೆ ಯಜಮಾನ್ರು ಬಂದ್ರು, ಬಯ್ತಾರೆ ಅಂತ ನಿಂತಿದ್ದೆ. ಅವರು ಕೂತ್ಕೊಂಡು ನನ್ನ ಜೊತೆ ಒಂದು ಗಂಟೆ ಹಗ್ಗ ಬಿಡಿಸಿದ್ರು, ಬಲೆಯ ಒಂದು ಕಣ್ಣೂ ಕತ್ತರಿಸಬಾರದು, ನನ್ನ ಹಗ್ಗಾನೂ ಕತ್ತರಿಸಬಾರದು ಅಂತ ಅಷ್ಟು ತಾಳ್ಮೆಯಿಂದ. ದುಡ್ಡು ಕೊಡಕ್ಕೆ ಹೋದ್ರೆ ಮುಟ್ಟಲಿಲ್ಲ. "ಹ್ವಾಯ್, ಗಾಳಿ ಬಪ್ಪತಿಗೆ ಆ ಕಲ್ಲಿನ್ ಬದಿಗೆ ಹೋಪುಕಾಗ" (ಗಾಳಿ ಬರೋವಾಗ ಆ ಕಲ್ಲಿನ ಕಡೆ ಹೋಗಬಾರದು) ಅಂದ್ರು, ಅಷ್ಟೇ. ದಿನಾ ಅಲ್ಲೇ ದೋಣಿ ಇಳಿಸೋರನ್ನ ಒಂದು ಮಾತು ಕೇಳದೆ ನಾನು ಫೋನ್ ನೋಡ್ಕೊಂಡು ಕೈಟ್ ಹಾಸಿದ್ದೆ. ಆ ದೋಣಿ, ಆ ಬಲೆ ಅವರ ಅನ್ನ, ನಮ್ಮದು ಆಟ, ಮೊದಲು ಅವರನ್ನ ಕೇಳಿನೇ ಜಾಗ ಹಿಡೀಬೇಕು.

ರಿಪೇರಿ ಇನ್ನೊಂದು ಕಥೆ. ಬೆಂಗಳೂರಲ್ಲಿ ಬ್ಯಾಗು ಟೆಂಟು ಹೊಲಿಯೋರ ಹತ್ರ ಮೂರು ಕಡೆ ತಗೊಂಡು ಹೋದೆ, ಬಟ್ಟೆ ಮುಟ್ಟಿ ನೋಡಿ ವಾಪಸ್ ಕೊಟ್ರು. ಕೊನೆಗೆ ಗೋವಾದಲ್ಲಿ ಒಬ್ಬರು 7 ಸಾವಿರಕ್ಕೆ ಹೊಲಿದು ಬ್ಲಾಡರ್‌ಗೆ ಪ್ಯಾಚ್ ಹಾಕಿ ಕೊಟ್ರು.

ಕೋಡಿಯಲ್ಲಿ ಇನ್ನೊಂದು ವಿಷಯ ಮರೀಬೇಡಿ, ಇಳಿತದ ಹೊತ್ತಲ್ಲಿ ಅಳಿವೆ ನೀರು ಹೊರಗೆ ಎಳೆಯುತ್ತೆ, ಬೋಟುಗಳೂ ಅಲ್ಲೇ ಓಡಾಡೋದು, ಆ ಬಾಯಿ ಹತ್ರ ಸುಳೀಲೇಬೇಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟಿಗೆ ನಿಷೇಧ, ಬಂದರು ತಣ್ಣಗಿರುತ್ತೆ, ಗಾಳಿನೂ ಭರ್ಜರಿ, ಆದ್ರೆ ಆ ಅಲೆಗಳಿಗೆ ಇಳಿಯೋದು ನನ್ನಂಥವನ ಕೆಲಸ ಅಲ್ಲ.

ಮಾಂದ್ರೆಂ ಬಗ್ಗೆ ಜಾಸ್ತಿ ಹೇಳೋದಿಲ್ಲ. ಗಾಳಿ ಕಡಲಿಂದ ನೇರ ಬರುತ್ತೆ, ಅಡ್ಡ ಏನಿಲ್ಲ, ಶುದ್ಧ. ಆದ್ರೆ ಮೆತ್ತಗೆ, ಮಧ್ಯಾಹ್ನ ಮೂರರಿಂದ ಸೂರ್ಯ ಇಳಿಯೋ ತನಕ ಅಷ್ಟೇ, ನಾನಿದ್ದ ನಾಲ್ಕು ದಿನದಲ್ಲಿ ಎರಡೇ ದಿನ 12 ಮೀಟರ್‌ಗೆ ಸಾಕಾಯ್ತು. ದಡದಲ್ಲಿ ಜನ, ಶ್ಯಾಕ್, ಕುರ್ಚಿಗಳು. ಆ ಕಡೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡೋ ಮರಳಿದೆ, ಬೇಲಿ ಹಾಕಿರ್ತಾರೆ, ಅದರ ಹತ್ರ ಕೈಟ್ ಇಳಿಸಬೇಡಿ. ರೂಮಿನ ರೇಟು ಸೀಸನ್ನಲ್ಲಿ ನನಗೆ ಭಾರ.

ಈಗ ಧನುಷ್ಕೋಡಿ. 1964ರ ಡಿಸೆಂಬರ್ ಚಂಡಮಾರುತದಲ್ಲಿ ಊರೇ ಹೋದ ಮೇಲೆ ಉಳಿದಿರೋದು ಸಪೂರ ಮರಳಿನ ಪಟ್ಟಿ, ಒಂದು ಕಡೆ ಮನ್ನಾರ್ ಕೊಲ್ಲಿ, ಇನ್ನೊಂದು ಕಡೆ ಪಾಕ್ ಕೊಲ್ಲಿ. ಮಳೆಗಾಲದಲ್ಲಿ ನೈಋತ್ಯದ ಗಾಳಿ ತನ್ನ ಮಳೆನೆಲ್ಲಾ ಘಟ್ಟದ ಈ ಕಡೆ ಸುರಿಸಿ, ಭಾರತ ಶ್ರೀಲಂಕಾ ಮಧ್ಯದ ಇಕ್ಕಟ್ಟಲ್ಲಿ ನುಗ್ಗೋವಾಗ ಇನ್ನೂ ಜೋರಾಗುತ್ತೆ. ನಮ್ಮಲ್ಲಿ ಕರಾವಳಿ ತೊಯ್ದು ತೊಪ್ಪೆಯಾಗಿರೋವಾಗ ಅಲ್ಲಿ ಬಿಸಿಲು, ಗಾಳಿ. ಆ ಗಾಳಿ ದಾಟಿ ಬರೋದು ಚಪ್ಪಟೆ ಮರಳನ್ನ, ಕಲ್ಲಿಲ್ಲ, ತೆಂಗಿನ ತೋಪಿಲ್ಲ, ಹಾಗಾಗಿ ಅದು ಮುರಿಯಲ್ಲ. ಪಟ್ಟಿಯ ಮರೆಯಲ್ಲಿ ನೀರು ಕೆರೆ ಥರ, ನಾನು ಕಲಿತ ಕಡೆ ಸೊಂಟದಷ್ಟು ಆಳ, ಬಿದ್ರೆ ಎದ್ದು ನಿಲ್ಲೋದು, ಮತ್ತೆ ಕೈಟ್ ಎಬ್ಬಿಸೋದು. ಕೋಡಿಯಲ್ಲಿ ತೋರಿಸಿದ 14 ನಾಟೂ ಇಲ್ಲಿಯ 14 ನಾಟೂ ಒಂದೇ ಅಲ್ಲ, ಇದನ್ನ ನಾನು ಕೈತೋಳಲ್ಲಿ ಅನುಭವಿಸಿದೀನಿ. ಮೂರನೇ ದಿನ ಮೊದಲ ಸಲ ಹೊರಟ ಕಡೆಗೇ ವಾಪಸ್ ಬಂದೆ, ನಡೀದೆ. ನೀರಲ್ಲೇ ನಿಂತು ಕೂಗಿಬಿಟ್ಟೆ.

ಚಳಿಗಾಲದಲ್ಲಿ ಈಶಾನ್ಯದ ಗಾಳಿ, ಆಗ ದಡ ಬದಲಾಯಿಸಿದ್ರೆ ಆಯ್ತು. ಒಂದೇ ಊರು ವರ್ಷಕ್ಕೆ ಎರಡು ಸೀಸನ್.

ತೊಂದರೆ ಇಲ್ಲ ಅಂತಲ್ಲ. ಗಾಳಿ ದಡದಿಂದ ಹೊರಕ್ಕೆ ಬೀಸೋ ಮೂಲೆಗಳಿವೆ, ಅಲ್ಲಿ ಬೋರ್ಡ್ ಕಳ್ಕೊಂಡ್ರೆ ನೀವೂ ತೇಲ್ತೀರ, ಒಬ್ಬರೇ ಇಳೀಬೇಡಿ. ಮರಳು ಕಾಲಿಗೆ ಸೂಜಿ ಥರ ಹೊಡೆಯುತ್ತೆ. ರಾಮೇಶ್ವರದಿಂದ ತೂತ್ತುಕುಡಿ ತನಕ ಮನ್ನಾರ್ ಕೊಲ್ಲಿಯ 21 ದ್ವೀಪಗಳು ರಾಷ್ಟ್ರೀಯ ಉದ್ಯಾನ, ಅವುಗಳ ಕಡೆ ಹೋಗೋ ಆಸೆ ಬಿಡಿ. ಮತ್ತೆ ಜುಲೈನಲ್ಲಿ ನನ್ನ 12 ಮೀಟರ್ ಐದರಲ್ಲಿ ಮೂರು ದಿನ ದೊಡ್ಡದಾಯ್ತು, ಬಾಡಿಗೆಗೆ 9 ಮೀಟರ್ ತಗೊಂಡೆ. "ಎಲ್ಲಾ ಕಡೆ ಸಾಕು" ಅನ್ನೋ ಮಾತು ಅಲ್ಲಿಗೆ ಮುಗೀತು.

ಖರ್ಚು ಜಾಸ್ತಿನೇ. ಮದುರೈ ತನಕ ರೈಲು, ಅಲ್ಲಿಂದ ಬಸ್ಸು, ರೂಮು, ಬಾಡಿಗೆ ಎಲ್ಲಾ ಸೇರಿ ಕೋಡಿಯ ಮೂರು ಟ್ರಿಪ್ಪಿನಷ್ಟು. ಆದ್ರೆ ನನಗೆ ಸಿಗೋದು ವರ್ಷಕ್ಕೆ ಹನ್ನೆರಡು ರಜೆ, ಅದರಲ್ಲಿ ಅರ್ಧ ದಿನ ಗಾಳಿಗೆ ಕಾಯ್ತಾ ಕೂರಕ್ಕೆ ಆಗಲ್ಲ. ವರ್ಷಕ್ಕೆ ಎರಡು ಸಲ ರಾಮೇಶ್ವರ ಅಂತ ತೀರ್ಮಾನ ಮಾಡಿದೀನಿ, ತಿಂಗಳಿಗೆ ಎರಡೂವರೆ ಸಾವಿರ ಬೇರೆ ಇಡ್ತಿದೀನಿ. ವಾರಕ್ಕೊಮ್ಮೆ ಹೋಗಿ ಬರೋ ಹಾಗೆ ಉಡುಪಿ ಕುಂದಾಪುರದಲ್ಲೇ ಇರೋರಿಗೆ ನನ್ನ ಲೆಕ್ಕ ಹೊಂದಲ್ಲ, ನೀವು ಬ್ರೇಕ್‌ವಾಟರ್ ಬಿಟ್ಟು ದಕ್ಷಿಣಕ್ಕೆ ಒಂದು ಕಿಲೋಮೀಟರಾದ್ರೂ ನಡೆದು, ದೋಣಿ ಬಲೆ ಇಲ್ಲದ ಕಡೆ ಹಾಸಿ. ಏಪ್ರಿಲ್‌ನಲ್ಲಿ ಮಾವನ ಮನೆಗೆ ಹೋದಾಗ ನಾನೂ ಹಾಗೇ ಮಾಡ್ತೀನಿ, ಮೊದಲು ಆ ಬಲೆ ಯಜಮಾನ್ರನ್ನ ಹುಡುಕಿ ಮಾತಾಡಿಸಿಕೊಂಡು.